ಹೆಂಡತಿಯ ಮಾತಿಗೆ ಮೈಕು ಹುಡುಕಿದ್ದು

ಲಕ್ವಾ ಹೊಡೆದ ಮೇಲೆ ನನ್ನ ಹೆಂಡತಿಯ ಬಾಯಿಂದ ತಡೆಯಿಲ್ಲದೆ ಬರುತ್ತಿದ್ದ ಮಾತು ಒಂದೇ: ‘ಹಂಗಲ್ಲ.’ ಚಹಾ ಬೇಕೇ ಎಂದರೆ ಹಂಗಲ್ಲ, ಬೇಡವೇ ಎಂದರೂ ಹಂಗಲ್ಲ. ಉಳಿದ ಮಾತುಗಳೆಲ್ಲ ಒಳಗೇ ಇದ್ದವು, ಆದರೆ ಒಂದೊಂದನ್ನೇ ಹುಡುಕಿ ಹೊರಗೆ ತರಬೇಕಿತ್ತು. ಮೊದಲು ಹೇಗಿದ್ದವಳು ಈಕೆ! ಟಿಕೋಟಾದಲ್ಲಿ ದ್ರಾಕ್ಷಿ ತೋಟದವರಿಗೆ ಔಷಧಿ, ಗೊಬ್ಬರ ಮಾರುವ ನಮ್ಮ ಅಂಗಡಿಗೆ ಬಂದು ಕೂತಳೆಂದರೆ ಗಿರಾಕಿಗಳು ಬಂದ ಕೆಲಸ ಮರೆತು ಈಕೆಯ ಮಾತು ಕೇಳುತ್ತ ನಿಂತುಬಿಡುತ್ತಿದ್ದರು.

ಈಗ ನನ್ನೊಬ್ಬನ ಹತ್ತಿರ ಮಾತ್ರ ತೊದಲುತ್ತಿದ್ದಳು. ವಿಜಯಪುರದ ಅಥಣಿ ರಸ್ತೆಯ ನಮ್ಮ ಹೊಸ ಮನೆಗೆ ಯಾರಾದರೂ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಬಾಬಲೇಶ್ವರದಲ್ಲಿರುವ ಅವಳ ತಂಗಿ ದಿನಾ ಸಂಜೆ ಫೋನ್ ಮಾಡಿ, “ಮಾಮಾರ, ಅಕ್ಕಗ ಕೊಡ್ರಿ” ಅನ್ನುವಳು. ಇವಳು ತಲೆ ಅಲ್ಲಾಡಿಸುವಳು. “ಈಗರ ಮಕ್ಕೊಂಡಾಳವ್ವ” ಎಂದು ನಾನು ಸುಳ್ಳು ಹೇಳುತ್ತಿದ್ದೆ. ದಿನಾ ಅದೇ ಹೊತ್ತಿಗೆ ಯಾರು ಮಲಗುತ್ತಾರೆ? ತಂಗಿಗೂ ಗೊತ್ತಿತ್ತು. ಫೋನಿಟ್ಟ ಮೇಲೆ ಇವಳು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಇವಳು ಒಮ್ಮೆ ತಂಗಿಯ ಜೊತೆ ಮಾತಾಡಲಿ, ನನಗೆ ಬೇರೇನೂ ಬೇಡವಾಗಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಕನ್ನಡಿ ಮುಂದೆ ಕೂತು ನಿಧಾನಕ್ಕೆ ಮಾತಾಡಿಸಿ ಎಂದಿದ್ದಳು. ಇವಳು ಕನ್ನಡಿಯನ್ನೇ ಗೋಡೆಗೆ ಮುಖ ಮಾಡಿಸಿ ಇಟ್ಟಳು. ಅದೇ ದಿನಗಳಲ್ಲಿ ನಾನು ಮೊಬೈಲಿನಲ್ಲಿ ವಿಡಿಯೊ ಪಾಡ್‌ಕಾಸ್ಟ್ ಎಂಬುದನ್ನು ನೋಡಿದೆ. ಇಬ್ಬರು ಎದುರುಬದುರು ಕೂತು, ಮುಂದೆ ಒಂದೊಂದು ಮೈಕು ಇಟ್ಟುಕೊಂಡು ತಾಸುಗಟ್ಟಲೆ ಹರಟುತ್ತಾರೆ. ಅಲ್ಲಾ, ಮದುವೆಯಾದಾಗಿನಿಂದ ನಾವು ಮಾಡಿದ್ದು ಮತ್ತೇನು? “ನಾವೂ ಮಾಡೂಣೇನ?” ಎಂದೆ. ಅರ್ಧ ಬಾಯಲ್ಲಿ ನಕ್ಕಳು. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಗೋಳಗುಮ್ಮಟದ ಕಡೆ, ಮದುವೆ ಫೋಟೊದವರು ಸಾಮಾನು ಕೊಳ್ಳುವ ಅಂಗಡಿಗೆ ಇಬ್ಬರೂ ಹೋದೆವು. “ಪಾಡ್‌ಕಾಸ್ಟ್ ಮಾಡಾವ್ರು ನೀವೇನ್ರಿ?” ಎಂದು ಅಂಗಡಿಯವನು ನನ್ನ ಟೋಪಿಯಿಂದ ಚಪ್ಪಲಿಯವರೆಗೂ ನೋಡಿದ. ಆಮೇಲೆ ಒಂದು ದೊಡ್ಡ ಕ್ಯಾಮೆರಾ ತೆಗೆದು ಮುಂದಿಟ್ಟು ರೇಟು ಹೇಳಿದ.

“ಹಂಗಲ್ಲ” ಎಂದಳು ಇವಳು.

ಆತ ರೇಟು ಇಳಿಸಿದ. ಇವಳು ಮತ್ತೆ ಹಂಗಲ್ಲ ಎಂದಳು. ಆತ ಇನ್ನೂ ಇಳಿಸಿ ನನ್ನ ಕಡೆ ತಿರುಗಿದ. “ಅಕ್ಕಾರು ವ್ಯವಹಾರದಾಗ ಭಾಳ ಬಿಗಿ ಅದಾರ ಬಿಡ್ರಿ!” ನನಗೆ ನಗು ತಡೆಯಲಾಗಲಿಲ್ಲ. ಇವಳು ಎಡಗೈಯಿಂದ ನನ್ನ ಜೇಬಿನ ಫೋನನ್ನು, ಆಮೇಲೆ ತನ್ನ ಫೋನನ್ನು ತೋರಿಸಿದಳು. ಹೌದಲ್ಲ! ಮನೆಯಲ್ಲಿ ಎರಡು ಫೋನಿರುವಾಗ ಕ್ಯಾಮೆರಾ ಯಾಕೆ? ಒಂದು ಆಕೆಯ ಮುಖಕ್ಕೆ, ಒಂದು ನನ್ನ ಮುಖಕ್ಕೆ. ಎರಡು ಸ್ಟ್ಯಾಂಡು, ಒಂದು ದುಂಡನೆಯ ಲೈಟು, ಎದೆಗೆ ಸಿಕ್ಕಿಸುವ ಮೈಕಿನ ಜೋಡಿ ತಗೊಂಡು ಬಂದೆವು.

ಲೈಟು ಹಚ್ಚಿದರೆ ನನ್ನ ಕನ್ನಡಕದಲ್ಲಿ ಎರಡು ಬಳೆ ಕಂಡವು. ಆರಿಸಿ, ಬೆಳಗಿನ ಹೊತ್ತು ಕಿಟಕಿಯ ಹತ್ತಿರ ಕೂತೆವು. ಹೊಸ ಮನೆಯ ಬೋಳು ಗೋಡೆಗೆ ಮಾತು ಬಡಿದು ಗುಂಯ್ ಅನ್ನುತ್ತಿತ್ತು. ಟ್ರಂಕಿನೊಳಗಿನ ಕೌದಿಗಳನ್ನು ತೆಗೆದು ಗೋಡೆಗೆ ಇಳಿಬಿಟ್ಟ ಮೇಲೆ ಅದು ನಿಂತಿತು. ತಂಟೆ ಮಾಡಿದ್ದು ಮೈಕು. ಸೊರಗಿದ ಬಲಗೈ ಕಾಣಬಾರದೆಂದು ಇವಳು ಸೆರಗನ್ನು ಮತ್ತೆ ಮತ್ತೆ ಅದರ ಮೇಲೆ ಎಳೆದುಕೊಳ್ಳುವಳು, ಎಳೆದಾಗೆಲ್ಲ ಮೈಕಿನಲ್ಲಿ ಬರ್‍ರ್ ಎಂಬ ಸಪ್ಪಳ. “ಸೆರಗು ಮುಟ್ಟಬ್ಯಾಡ ಅಂದ್ರ ತಿಳಿಯಂಗಿಲ್ಲೇನು?” ಎಂದು ರೇಗಿಬಿಟ್ಟೆ. ಆಕೆ ಕಣ್ಣು ತುಂಬಿಕೊಂಡಳು. ಥೂ ನನ್ನ ಬಾಯಿಗಿಷ್ಟು! ಅವತ್ತೇ ಹೋಗಿ ಮೇಜಿನ ಮೇಲೆ ನಿಲ್ಲುವ ಮೈಕು ತಂದೆ. ಅದರ ಮುಂದೆ ಸೆರಗು ಎಷ್ಟು ಬೇಕಾದರೂ ಎಳೆದುಕೊಳ್ಳಬಹುದಿತ್ತು.

ಆ ಮೈಕಿನ ಮುಂದೆ ಹರಟಿ ವಿಡಿಯೊ ತೆಗೆದೆವು. ಇನ್ನು ಅದನ್ನು ತಿದ್ದುವ ಸಾಫ್ಟ್‌ವೇರ್. ಪುಕ್ಕಟೆ ಸಿಗುವ ಒಂದು ಆ್ಯಪ್ ತನ್ನ ಹೆಸರನ್ನು ಇವಳ ಹಣೆಯ ಮೇಲೇ ಬರೆಯುತ್ತಿತ್ತು, ತೆಗೆದು ಒಗೆದೆ. ಇನ್ನೊಂದು ಗದ್ದಲ ತೆಗೆಯುತ್ತೇನೆಂದು ಹೇಳಿ, ಇವಳ ಮಾತಿನ ಸಣ್ಣ ಸಣ್ಣ ಕೊನೆಗಳನ್ನೂ ಗದ್ದಲವೆಂದು ನುಂಗಿತು. ಮೂರನೆಯದರಲ್ಲಿ ಒಂದು ಬಟನ್ ಇತ್ತು. ಒತ್ತಿದರೆ ಮಾತಿನ ನಡುವೆ ಸುಮ್ಮನಿದ್ದ ಜಾಗಗಳನ್ನೆಲ್ಲ ತಾನೇ ಕತ್ತರಿಸಿ, ಮಾತಿಗೆ ಮಾತು ಜೋಡಿಸುತ್ತಿತ್ತು. ಒತ್ತಿದೆ. ಯಪ್ಪಾ! ನನ್ನ ಹೆಂಡತಿ ಪಟಪಟ ಮಾತಾಡುತ್ತಿದ್ದಳು. ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ನಗಿಸುತ್ತಿದ್ದ ಅದೇ ಹೆಂಗಸು. ನನಗೆ ಅಳುವೇ ಬಂತು. ಓಡಿಹೋಗಿ ತೋರಿಸಿದೆ.

ಆಕೆ ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿದಳು.

“ಹಂಗಲ್ಲ” ಎಂದಳು.

“ಯಾಕ? ಎಷ್ಟು ಛಂದ ಆಗೇತಿ! ನಿನ್ನ ತಂಗಿ ನೋಡಿದ್ರ ಕುಣದಾಡ್ತಾಳ.”

“ಎಲ್ಲಾರೂ… ಇಕಿನ್ನ… ಕೇಳ್ತಾರ” ಎಂದು ಪರದೆಯ ಮೇಲಿನ ಹೆಂಗಸನ್ನು ಬೆರಳಿಂದ ತೋರಿಸಿದಳು. “ನಾ… ಇಕಿನ್ನ… ಎಲ್ಲಿಂದ… ತರ್ಲಿ?”

ಕತ್ತರಿಸಿದ್ದನ್ನೆಲ್ಲ ಮತ್ತೆ ಜೋಡಿಸಿ, ಇಬ್ಬರೂ ಮೊದಲಿಂದ ನೋಡಿದೆವು. ಆಗ ಕಂಡಿತು ನನ್ನ ಅವತಾರ. ಆಕೆ ಒಂದು ಮಾತು ಹುಡುಕುತ್ತ ನಿಂತ ಕೂಡಲೇ ಇನ್ನೊಂದು ಫೋನಿನಲ್ಲಿ ನನ್ನ ಬಾಯಿ ತೆರೆಯುತ್ತಿತ್ತು. ಆಕೆ “ಕ…” ಎಂದರೆ ನಾನು ಕಡಲಿ, ಕಟಗಿ, ಕಾರಬ್ಯಾಳಿ ಎಂದು ಅವಸರವಸರವಾಗಿ ಒದಗಿಸುತ್ತಿದ್ದೆ. ಆಕೆ ಹೇಳಬೇಕೆಂದಿದ್ದುದು ಬೇರೆಯೇ. ಪಾಪ, ಸೋತು, ನಾನು ಕೊಟ್ಟದ್ದನ್ನೇ ಒಪ್ಪಿಕೊಂಡು ಸುಮ್ಮನಾಗುತ್ತಿದ್ದಳು.

“ಕಟ್… ಮಾಡ್ರಿ” ಎಂದಳು.

“ಏನು ಕಟ್ ಮಾಡ್ಲಿ?”

“ನಿಮ್ಮನ್ನ.”

ಇಬ್ಬರೂ ನಕ್ಕೆವು. ಮರುದಿನ ಬೆಳಿಗ್ಗೆ ಮತ್ತೆ ಕೂತೆವು. ಈ ಸಲ ನಾನು ತುಟಿ ಕಚ್ಚಿಕೊಂಡು ಕೂತೆ. ಎಷ್ಟು ಕಷ್ಟವಪ್ಪಾ ಅದು! ಆಕೆ ಶೇಂಗಾ ಹೋಳಿಗೆಯ ವಿಷಯ ಹೇಳಿದಳು. ಒಂದೊಂದು ಮಾತಿಗೂ ಹೊತ್ತು ಹಿಡಿಯಿತು, ಆದರೆ ಬಂದ ಮಾತೆಲ್ಲ ಆಕೆಯದೇ. ಎರಡು ಫೋನಿನ ವಿಡಿಯೊ ಕೂಡಿಸಿ, ಮೊದಲು ಕೊನೆ ಕತ್ತರಿಸುವುದು ಬಿಟ್ಟರೆ ಬೇರೇನೂ ಬಾರದ ಒಂದು ಬಡ ಆ್ಯಪ್ ಹಾಕಿಕೊಂಡೆ. ಆಗ ಆಕೆ ತನ್ನ ಫೋನಿನಲ್ಲಿ ತಂಗಿಯ ಹೆಸರು ತೋರಿಸಿ “ಕಳಸ್ರಿ” ಎಂದಳು. ಕಳಿಸಿದೆ.

ಸಂಜೆ ಫೋನ್ ಬಂತು. ರೂಢಿಯಂತೆ ನಾನೇ ಎತ್ತಿದೆ. “ಮಾಮಾರ, ಅಕ್ಕಗ ಕೊಡ್ರಿ.” ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವಳು ಎಡಗೈ ಚಾಚಿದಳು. ಸ್ಪೀಕರ್ ಹಾಕಿ ಕೊಟ್ಟೆ.

“ನಾ…” ಎಂದಳು. ಮುಂದೆ ಬರಲಿಲ್ಲ. ಆ ಕಡೆಯಿಂದಲೂ ಸಪ್ಪಳವಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಬಗ್ಗಿ ನೋಡಿದೆ. ಇಲ್ಲ, ಇತ್ತು. ಬಾಯಿ ತೆರೆದರೆ ಇನ್ನೊಬ್ಬರಿಗೆ ಸಂದಿ ಕೊಡದ ಆ ತಂಗಿ ಸುಮ್ಮನೆ ಕಾಯುತ್ತಿದ್ದಳು.

“ನಾ… ಬಾಬಲೇಶ್ವರಕ್ಕ… ಬರ್ತೇನಿ.”

“ಬಾ ಯಕ್ಕಾ” ಎಂದಳು ತಂಗಿ. ದನಿ ಒಡೆದಿತ್ತು. “ನಾಳೇನ ಬಾ. ಮಾಮಾರಿಗೆ ಕರಕೊಂಡ ಬರ್ರಿ ಅಂತ ಹೇಳು.”

“ಇವರು… ಬ್ಯಾಡ” ಎಂದು ಇವಳು ನನ್ನನ್ನೇ ನೋಡಿದಳು. “ಇವರಿದ್ರ… ನನಗ… ಮಾತಾಡಾಕ… ಬಿಡಂಗಿಲ್ಲ.”

ಆ ಕಡೆ ತಂಗಿ ಅಳುತ್ತಲೇ ನಗತೊಡಗಿದಳು, ಈ ಕಡೆ ಇವಳೂ. ನಾನು ಎದ್ದು ಹೊರಗೆ ಬಂದು, ಅವರಿಬ್ಬರೂ ಮಾತಾಡಿಕೊಳ್ಳಲಿ ಎಂದು ಬಾಗಿಲು ಎಳೆದುಕೊಂಡೆ.