ರಂಗಂಪೇಟೆಯ ಹಣಮಪ್ಪನನ್ನು ನಾನು ತಿಕ್ಕಿ ತೊಳೆದದ್ದು

"ನಿಂತ್ಕೊಂಡು ಏನ್ ನೋಡಾಕತ್ತೀರಿ? ಕೈ ತೊಳಕೊಂಡು ಬಂದು ಹಣಮಪ್ಪಗ ನೀರ್ ಹಾಕ್ರಿ" ಎನ್ನುತ್ತಾ ಮನೆಯೊಡತಿ ಭೀಮವ್ವ ತಂಬಿಗೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಬೆಚ್ಚಿಬಿದ್ದೆ. ಮಂಡ್ಯ ಕಡೆಯ ನಮ್ಮೂರಿನಲ್ಲಿ ದೇವರನ್ನು ಮುಟ್ಟುವುದು ಅರ್ಚಕರ ಕೆಲಸ. ನಾವು ಹೊರಗೆ ನಿಂತು, ಕತ್ತು ಉದ್ದ ಮಾಡಿ, ಮಂಗಳಾರತಿ ಬೆಳಕಿನಲ್ಲಿ ಕಂಡಷ್ಟು ಕಂಡು ಬರುವವರು. ಮನೆಯಲ್ಲಿದ್ದದ್ದು ಕಟ್ಟು ಹಾಕಿದ ಪಟಗಳು. ಮೂವತ್ತೊಂದು ವರ್ಷಕ್ಕೆ ಮೊದಲ ಸಲ ನಾನು ದೇವರನ್ನು ಮುಟ್ಟಿದೆ.

ಸುರಪುರದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ರಂಗಂಪೇಟೆಯಲ್ಲಿ ಭೀಮವ್ವನ ಮನೆಯ ಹಿಂಬದಿ ಬಾಡಿಗೆಗೆ ಹಿಡಿದೆ. ಇಲ್ಲಿಯವರ "ಬರ್ರಿ, ಕೂಡ್ರಿ, ಉಣ್ರಿ" ಮೊದಮೊದಲು ಬೈದ ಹಾಗೇ ಕೇಳಿಸುತ್ತಿತ್ತು. ಮುದ್ದೆ ನುಂಗಿ ಬೆಳೆದ ನನಗೆ ಖಡಕ್ ರೊಟ್ಟಿ ಮುರಿಯುವುದೇ ಒಂದು ವಿದ್ಯೆ. ಜಗಲಿ ಎಂದರೆ ನಮ್ಮ ಕಡೆ ಹರಟೆಗೆ ಕೂರುವ ಜಾಗ, ಇಲ್ಲಿ ದೇವರ ಕಟ್ಟೆ. ಆ ಜಗಲಿಯ ಮೇಲೆ ಹಣಮಪ್ಪ. ಕಣ್ಣಿಲ್ಲ, ಮೂಗಿಲ್ಲ. ಎಣ್ಣೆ ಸಿಂಧೂರ ಮೆತ್ತಿ ಮೆತ್ತಿ ಕೆಂಪು ಕುಂಬಳಕಾಯಿಯಷ್ಟು ಆಗಿದ್ದ.

"ಮುಖ ಎಲ್ಲಿ?" ಎಂದು ಕೇಳಿದೆ.

"ಒಳಗ ಇರ್ತದ ಬಿಡ್ರಿ" ಎಂದರು ಭೀಮವ್ವ.

ಬಿಡುವ ಜಾತಿಯವಳೇ ನಾನು? ಗಾಜಿನ ಸ್ಲೈಡನ್ನು ಮೂರು ಸಲ ಬೆಳಕಿಗೆ ಹಿಡಿದು ನೋಡುವವಳು. ಭೀಮವ್ವ ಎಂಟು ದಿನದ ಮಟ್ಟಿಗೆ ಹತ್ತಿಕುಣಿಯ ಮಗಳ ಮನೆಗೆ ಹೋದರು, ಪೂಜೆ ನನ್ನ ಪಾಲಿಗೆ ಬಂತು. ಲಕಲಕ ತೊಳೆದಿಟ್ಟರೆ ಅವರಿಗೂ ಖುಷಿಯಾದೀತು ಎಂದುಕೊಂಡೆ. ಸುಳ್ಳೇಕೆ, ನನಗೆ ಆ ಮುಖ ನೋಡಬೇಕಿತ್ತು. ಬಿಸಿನೀರು, ಸೀಗೆಪುಡಿ, ಕೊನೆಗೆ ಮರದ ಸೌಟಿನ ಅಂಚು. ಮೊದಲು ಕೇಸರಿ, ಆಮೇಲೆ ಇಟ್ಟಿಗೆ ಬಣ್ಣ, ಆಮೇಲೆ ಕಪ್ಪು ಪದರಗಳು ಎದ್ದವು. ಎಲ್ಲಕ್ಕಿಂತ ಕೆಳಗೆ ಅಂಗೈಯಗಲದ ಒಂದು ಗುಂಡುಕಲ್ಲು. ಮುಖವೂ ಇಲ್ಲ, ಉಳಿಯ ಗುರುತೂ ಇಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಮನೆ ಖಾಲಿ ಮಾಡಲು ಹೇಳುತ್ತಾರೆಂದು ಬಟ್ಟೆ ಮಡಚಿಟ್ಟೇ ಕಾದೆ. ಭೀಮವ್ವ ಬಂದವರು ಕಲ್ಲಿನತ್ತ ತಿರುಗಿಯೂ ನೋಡಲಿಲ್ಲ. ಪೇಪರಿನ ಮೇಲೆ ಗುಡ್ಡೆ ಹಾಕಿದ್ದ ಚಕ್ಕೆಗಳ ಮುಂದೆ ಕುಕ್ಕರಿಸಿದರು.

"ಕಲ್ಲೇನ್ರೀ, ಗುಡ್ಡದಾಗ ಬೇಕಾದಷ್ಟ ಅದಾವ. ಈ ಇಟ್ಟಂಗಿ ಬಣ್ಣದ್ದು ನಮ್ಮತ್ತಿ ಹಚ್ಚಿದ್ದು. ಈ ಕರಿದು ಅಕಿ ಅತ್ತೀದು. ಶನಿವಾರಕ್ಕೊಮ್ಮಿ ಹಚ್ಚಿ ಹಚ್ಚಿ ಹಣಮಪ್ಪನ್ನ ಮಾಡ್ಯಾರ."

ಅವರು ಅತ್ತರು. ನಾನೂ ಅತ್ತೆ. ನಮ್ಮ ಕಡೆ ಶಿಲ್ಪಿ ಕಡೆದ ಮೇಲೆ ಮೂರ್ತಿ ಮುಗಿಯಿತು. ಇಲ್ಲಿ ಒಂದು ಮನೆಯ ಹೆಂಗಸರ ಬೆರಳು ಅದನ್ನು ವರ್ಷಗಟ್ಟಲೆ ಮಾಡುತ್ತಲೇ ಇತ್ತು. ಅದನ್ನೇ ನಾನು ಸೀಗೆಪುಡಿ ಹಾಕಿ ತೊಳೆದಿದ್ದೆ.

ಎರಡು ದಿನ ಕಳೆಯಿತು. ಶನಿವಾರ ಬೆಳಿಗ್ಗೆ ಭೀಮವ್ವ ನನ್ನ ಬಾಗಿಲು ಬಡಿದರು. "ಬರ್ರಿ. ಕೆಡಿಸಿದ ಕೈನೇ ಹಚ್ಚಬೇಕು." ಆ ಚಕ್ಕೆಗಳನ್ನು ಅರೆದು, ಹೊಸ ಸಿಂಧೂರಕ್ಕೆ ಬೆರೆಸಿ, ಎಣ್ಣೆಯಲ್ಲಿ ಕಲಸಿ ಇಟ್ಟಿದ್ದರು. ನಾನು ಬೆರಳು ಅದ್ದಿದೆ.

"ನಾನು ಹಚ್ಚಿದರೆ ಹಣಮಪ್ಪ ಬರ್ತಾನಾ?"

"ಅದನ್ನ ಅವನ್ನೇ ಕೇಳ್ರಿ. ನೀವು ಸುಮ್ನ ಹಚ್ರಿ."

ಹಚ್ಚಿದೆ. ಮುಂದಿನ ವಾರ ಅವರು ಹಚ್ಚಿದರು, ಅದರ ಮುಂದಿನ ವಾರ ಮತ್ತೆ ನಾನು. ಹೀಗೇ ಮೂರು ತಿಂಗಳಾಯಿತು. ಈ ನಡುವೆ ಅಮ್ಮ ಫೋನಿನಲ್ಲಿ "ಸಾಕು ಕಣೇ, ಬಂದ್ಬಿಡು" ಎನ್ನುತ್ತಲೇ ಇದ್ದಳು. ನನಗೂ ನಮ್ಮೂರು ಬೇಕು, ಅಮ್ಮನ ಕೈಯ ಸೊಪ್ಪಿನ ಸಾರು ಬೇಕು.

ಮೊನ್ನೆ ಹತ್ತಿಕುಣಿಯಿಂದ ಮಗಳು ಬಂದವಳು ಜಗಲಿ ನೋಡಿ ಹೌಹಾರಿದಳು. "ಯವ್ವಾ, ಹಣಮಪ್ಪ ಇಷ್ಟ್ಯಾಕ ಸೊರಗ್ಯಾನ? ಹೊಸದಾಗಿ ಹಚ್ಚಿದವ್ರು ಯಾರು?"

ಭೀಮವ್ವ ರೊಟ್ಟಿ ಬಡಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮ ಮನಿ ಹೆಣ್ಮಕ್ಳೇ ಹಚ್ಯಾರ" ಎಂದರು.

ಮಂಡ್ಯಕ್ಕೆ ವರ್ಗಾವಣೆ ಕೇಳಿದ ಅರ್ಜಿಯನ್ನು ನಾನು ಹಿಂದಿನ ದಿನವಷ್ಟೇ ಕಳಿಸಿದ್ದೆ.