ಲೀಲಕ್ಕ ಒಯ್ದ ಮೇಣದ ತುಂಡು

‘ಗೊತ್ತಿಲ್ಲ’ ಎಂದು ಹೇಳಲು ಲೀಲಕ್ಕನಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ಕ್ಯಾನ್ಸರಿನ ಮದ್ದಿನ ಮೇಲೆ ದೂರದ ಊರಿನಲ್ಲಿ ಮೂವತ್ತು ವರ್ಷ ಸಂಶೋಧನೆ ಮಾಡಿದವರು. ಮೇ ತಿಂಗಳ ರಜೆಗೆ ಮಧೂರಿನ ಮನೆಗೆ ಬಂದರೆ ಸಾಕು, ಜನ ಫೈಲು ಹಿಡಿದುಕೊಂಡು ಹೋಗುತ್ತಿದ್ದರು. ಅವರು ಕನ್ನಡಕ ಏರಿಸಿ ಒಂದೊಂದೇ ಹಾಳೆ ಓದಿ, ಕೊನೆಗೆ “ಗೊತ್ತಿಲ್ಲ ಮಾರಾಯ. ನಾನು ಮದ್ದು ಕೊಡುವ ಡಾಕ್ಟರಲ್ಲ. ಆದರೆ ಇದೊಂದು ಪ್ರಶ್ನೆ ಅವರ ಹತ್ರ ಕೇಳು” ಎಂದು ಚೀಟಿಯಲ್ಲಿ ಒಂದೇ ಸಾಲು ಬರೆದು ಕೊಡುತ್ತಿದ್ದರು. “ಇಷ್ಟು ಓದಿ ಎಂತ ಪ್ರಯೋಜನ, ಒಂದು ಜ್ವರದ ಗುಳಿಗೆಯಾದರೂ ಬರೆದು ಕೊಡ್ಬಾರ್ದಾ” ಎಂದು ಗೊಣಗಿದವರಲ್ಲಿ ನಾನೂ ಒಬ್ಬ.

ನನ್ನದು ನಾಯ್ಮಾರ್ಮೂಲೆಯಲ್ಲಿ ಬಟ್ಟೆ ಅಂಗಡಿ. ಲೀಲಕ್ಕ ನನ್ನ ಅಕ್ಕನ ಜೊತೆ ಕನ್ನಡ ಶಾಲೆಯಲ್ಲಿ ಓದಿದವರು, ಹಾಗಾಗಿ ನನಗೂ ಅಕ್ಕ. ಗಿರಾಕಿಯಾಗಿ ಮಾತ್ರ ಅವರಷ್ಟು ತಲೆನೋವು ಬೇರೆ ಯಾರೂ ಇಲ್ಲ. ಸೀರೆ ಹಿಡಿದುಕೊಂಡು ಬಂದು, ಅದಕ್ಕೆ ಹೊಂದುವ ರವಿಕೆ ಬಟ್ಟೆಗಾಗಿ ಇಡೀ ಕಪಾಟು ಇಳಿಸುತ್ತಿದ್ದರು. ಒಂದೊಂದನ್ನೂ ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡುವುದು, “ಹತ್ತಿರ ಉಂಟು, ಆದರೆ ಇದಲ್ಲ” ಎನ್ನುವುದು, ಮುಕ್ಕಾಲು ಗಂಟೆಯ ನಂತರ ಬರಿಗೈಯಲ್ಲಿ ಹೋಗುವುದು. ಒಮ್ಮೆ ಸಿಟ್ಟು ನೆತ್ತಿಗೇರಿ, “ಲೀಲಕ್ಕಾ, ನಿಮ್ಮ ಲ್ಯಾಬಿನಲ್ಲಿಯೂ ಹೀಗೆಯಾ?” ಎಂದೆ.

“ಹೀಗೆಯೇ,” ಎಂದರು. “ನಮ್ಮ ರಕ್ತದಲ್ಲಿ ಪ್ರತಿಕಾಯ ಅಂತ ಉಂಟು ಹಮೀದ್. ಅದು ಕೂಡ ತನಗೆ ಸರಿಯಾದ ಗುರುತು ಸಿಕ್ಕಿದರೆ ಮಾತ್ರ ಅಂಟಿಕೊಳ್ತದೆ. ಕ್ಯಾನ್ಸರ್ ಜೀವಕೋಶದ ಮೈಮೇಲೆ ಇರುವ ಒಂದು ಗುರುತಿಗೆ ಅಂಟುವ ಪ್ರತಿಕಾಯ ನಾನು ಮಾಡಿದೆ. ಅಂಟ್ತದೆ, ಲಾಯ್ಕ ಅಂಟ್ತದೆ. ಆದರೆ ಕೊಲ್ಲುವುದಿಲ್ಲ. ಮದ್ದಾಗಲಿ ಅಂತ ಹನ್ನೆರಡು ವರ್ಷ ಅದರ ಬೆನ್ನು ಹತ್ತಿದೆ, ಆಗಲಿಲ್ಲ. ಕೊಲ್ಲುವ ಮದ್ದು ಬೇರೆಯವರು ಮಾಡಿದ್ರು. ನನ್ನದು ಈಗ ಆ ಗುರುತು ಉಂಟಾ ಇಲ್ವಾ ಅಂತ ತೋರಿಸ್ಲಿಕ್ಕೆ ಮಾತ್ರ.”

ಹನ್ನೆರಡು ವರ್ಷ ದಂಡವಾಯಿತಲ್ಲ ಎಂದು ನನಗೆ ಅಯ್ಯೋ ಅನ್ನಿಸಿತು. ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. “ಆ ಮೇಲಿನ ಸಾಲಿನದ್ದು ತೆಗಿ, ನೋಡುವ” ಎಂದರು.

ಮರುವರ್ಷ ಮಾರ್ಚ್ ತಿಂಗಳಲ್ಲಿ ನನ್ನ ತಾಯಿಗೆ, ನಮ್ಮ ಉಮ್ಮನಿಗೆ, ಎದೆಯ ಗಡ್ಡೆಯ ಆಪರೇಷನ್ ಆಯಿತು. ಆಸ್ಪತ್ರೆಯವರು ಫೈಲಿನ ಜೊತೆ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪುಟ್ಟ ಮೇಣದ ತುಂಡು ಕೊಟ್ಟರು. ಅದರೊಳಗೆ ಗಡ್ಡೆಯ ಚೂರನ್ನು ಕೂರಿಸಿರುತ್ತಾರಂತೆ. ಜೋಪಾನ ಮಾಡಿ, ದೊಡ್ಡ ಲ್ಯಾಬಿಗೆ ಕೊಡಲಿಕ್ಕುಂಟು ಎಂದು ಡಾಕ್ಟರು ಹೇಳಿದ್ದರು. ನನ್ನ ತಲೆಗೆ ಹೋದದ್ದು ಒಂದೇ: ಇದು ಉಮ್ಮನ ಮಾಂಸ. ದೇಹದಿಂದ ಬೇರೆಯಾದದ್ದನ್ನು ನಮ್ಮಲ್ಲಿ ಮಣ್ಣಿಗೆ ಒಪ್ಪಿಸುತ್ತಾರೆ. ಅಂಗಡಿಯಿಂದ ಒಂದು ಗೇಣು ಬಿಳಿ ಬಟ್ಟೆ ತಂದು ಸುತ್ತಿ, ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ಹುಗಿದೆ. ದೊಡ್ಡ ಕರ್ತವ್ಯ ಮುಗಿಸಿದ ಸಮಾಧಾನದಲ್ಲಿ ಊಟಕ್ಕೆ ಕೂತೆ.

ಮೇಯಲ್ಲಿ ಲೀಲಕ್ಕ ಉಮ್ಮನನ್ನು ನೋಡಲು ಬಂದರು. ಫೈಲನ್ನು ಎರಡು ಸಲ ತಿರುವಿ, “ಗುರುತು ನೋಡಿದ ರಿಪೋರ್ಟು ಎಲ್ಲುಂಟು?” ಎಂದರು. ಇಲ್ಲವೆಂದೆ. “ಗುರುತು ಇದ್ದರೆ, ಅವತ್ತು ಹೇಳಿದೆನಲ್ಲ, ಆ ಕೊಲ್ಲುವ ಮದ್ದು ಕೊಡ್ಬಹುದು, ಇಲ್ಲದಿದ್ದರೆ ಕೊಟ್ಟು ಪ್ರಯೋಜನ ಇಲ್ಲ. ಮೇಣದ ತುಂಡು ಕೊಟ್ಟಿರ್ಬೇಕಲ್ಲ, ಎಲ್ಲಿ?”

ನಾನು ಹಿತ್ತಲ ಕಡೆ ಕೈ ತೋರಿಸಿದೆ.

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಸೆರಗು ಸಿಕ್ಕಿಸಿಕೊಂಡು, “ಯಾವಾಗ ಹುಗಿದ್ದು? ಪ್ಲಾಸ್ಟಿಕ್ ಸಮೇತವಾ? ಅಲ್ಲಿಗೆ ಬಿಸಿಲು ಬೀಳ್ತದಾ?” ಎಂದು ಪೊಲೀಸರ ಹಾಗೆ ಕೇಳುತ್ತ ನಿಂಬೆ ಗಿಡದ ಹತ್ತಿರ ಹೋದರು. ನಾನು ಪಿಕ್ಕಾಸಿ ತಂದರೆ, “ಅದು ಬೇಡ, ಒಂದು ಸೌಟು ಕೊಡು” ಎಂದು ಕುಕ್ಕರಗಾಲಲ್ಲಿ ಕೂತು ತಾವೇ ಮಣ್ಣು ಕೆರೆದರು. ಬಟ್ಟೆಗೆ ಗೆದ್ದಲು ಹಿಡಿದಿತ್ತು. ಚೀಲದೊಳಗಿನ ಮೇಣ ಕರಗಿರಲಿಲ್ಲ.

“ಸರಿಯಾಗಿ ಉಂಟಾ?” ಎಂದೆ.

“ಗೊತ್ತಿಲ್ಲ,” ಎಂದರು. “ನೋಡುವ.”

ಆ ಸಲ ಮಾತ್ರ ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಸುಳ್ಳು ಧೈರ್ಯ ಹೇಳುವವರು ಅಷ್ಟರಲ್ಲಿ ನನಗೆ ಬೇಕಾದಷ್ಟು ಸಿಕ್ಕಿದ್ದರು.

ತುಂಡನ್ನು ದೊಡ್ಡ ಲ್ಯಾಬಿಗೆ ಕೊಟ್ಟು ಹತ್ತು ದಿನಕ್ಕೆ ರಿಪೋರ್ಟು ಬಂತು. ಗುರುತು ಇತ್ತು. ಪರೀಕ್ಷೆಗೆ ಬಳಸಿದ ಪ್ರತಿಕಾಯದ ನಂಬರು ಕೆಳಗೆ ಬರೆದಿತ್ತು. ಲೀಲಕ್ಕನ ಬೆರಳು ಆ ಸಾಲಿನ ಮೇಲೆ ನಿಂತಿತು. “ಇದು ನನ್ನದು” ಎಂದು ಮೆಲ್ಲಗೆ ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. ನಾನು ದಂಡ ಎಂದುಕೊಂಡಿದ್ದ ಹನ್ನೆರಡು ವರ್ಷ ಅಲ್ಲಿ, ಆ ಹಾಳೆಯ ಮೇಲಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ವರ್ಷವಿಡೀ ಮೂರು ವಾರಕ್ಕೊಮ್ಮೆ ಉಮ್ಮನಿಗೆ ಆ ಮದ್ದು ಏರಿಸಿದರು. ಮುಂದಿನ ಮೇಯಲ್ಲಿ ಉಮ್ಮ ತಾವೇ ಅಕ್ಕಿಯ ಪತ್ತಿರಿ ರೊಟ್ಟಿ ತಟ್ಟಿ ಲೀಲಕ್ಕನಿಗೆ ಬಡಿಸಿದರು. ಮೇಣದ ತುಂಡು ಲ್ಯಾಬಿನಿಂದ ವಾಪಸ್ಸು ಬಂದಿತ್ತು. ಅದನ್ನು ಮತ್ತೆ ಹುಗಿಯಬೇಕೆಂದು ಉಮ್ಮನ ಹಠ.

“ಉಮ್ಮ, ಅದು ನನಗೆ ಬೇಕಿತ್ತು,” ಎಂದರು ಲೀಲಕ್ಕ. “ಗುರುತು ಇದ್ದರೂ ಕೆಲವರಿಗೆ ಈ ಮದ್ದು ಹಿಡಿಯುವುದಿಲ್ಲ. ಯಾಕೆ ಅಂತ ನೋಡ್ಲಿಕ್ಕೆ, ಹಿಡಿದವರದ್ದೂ ಬೇಕು. ಇಲ್ಲ ಅಂದರೆ ನನಗೆ ಬೇಜಾರಿಲ್ಲ.”

ಉಮ್ಮ ಆ ತುಂಡನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಆಮೇಲೆ, “ತಕ್ಕೊಂಡು ಹೋಗು ಮಗಳೇ. ಕೆಲಸ ಮುಗಿದ ಮೇಲೆ ನೀನೇ ಹುಗಿದುಬಿಡು. ಬಿಸ್ಮಿ ಹೇಳ್ಲಿಕ್ಕೆ ಗೊತ್ತುಂಟಾ?” ಎಂದರು.

“ಗೊತ್ತಿಲ್ಲ,” ಎಂದರು ಲೀಲಕ್ಕ. “ಕಲಿಸಿ.”

ಉಮ್ಮ ಕಲಿಸಿದರು. ಲೀಲಕ್ಕ ಶಾಲೆಯ ಹುಡುಗಿಯಂತೆ ಮೂರು ಸಲ ಹೇಳಿ ಒಪ್ಪಿಸಿದರು. ಉಮ್ಮ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದರು.

ಆಮೇಲೆ ಲೀಲಕ್ಕ ಊರಿಗೆ ಬಂದಿಲ್ಲ. ನಿವೃತ್ತಿಯಾದರೂ ಹೊಸಬರಿಗೆ ಕಲಿಸಲೆಂದು ಅವರನ್ನು ಅಲ್ಲಿಯೇ ಇರಿಸಿಕೊಂಡಿದ್ದಾರೆ. ಮಧೂರಿನ ಮನೆಗೆ ಬೀಗ. ಫೈಲು ಹಿಡಿದವರು ಈಗ ನನ್ನ ಅಂಗಡಿಗೆ ಬರುತ್ತಾರೆ. “ನನಗೆ ಎಂತದೂ ಗೊತ್ತಿಲ್ಲ” ಎಂದು ಹೇಳಿ, ಗುರುತು ನೋಡಿದ್ದಾರಾ ಎಂದು ಕೇಳಲು ಒಂದು ಸಾಲು ಬರೆದು ಕೊಡುತ್ತೇನೆ. ಮೇಣದ ತುಂಡನ್ನು ಎಲ್ಲಿಯೂ ಹುಗಿಯಬೇಡಿ ಎಂದೂ ಹೇಳುತ್ತೇನೆ.

ಪೆರ್ನಾಲಿಗೆ, ಅಂದರೆ ನಮ್ಮ ಈದ್ ಹಬ್ಬಕ್ಕೆ, ಲೀಲಕ್ಕನ ಫೋನು ತಪ್ಪುವುದಿಲ್ಲ. ಉಮ್ಮನದು ಪ್ರತಿ ಸಲವೂ ಒಂದೇ ಪ್ರಶ್ನೆ: “ಹುಗಿದಾಯ್ತಾ ಮಗಳೇ?”

“ಇಲ್ಲ ಉಮ್ಮ. ಅದಕ್ಕೆ ಇನ್ನೂ ಕೆಲಸ ಉಂಟು.”

“ಹಾಗಾದರೆ ಇರಲಿ,” ಎನ್ನುತ್ತಾರೆ ಉಮ್ಮ. “ನನಗೂ ಉಂಟು.”