ತೊಳೆದು ಬರುವ ಡಬ್ಬಿ

ಅವರ ಎರಡೂ ಅಂಗೈಗಳಲ್ಲಿ ಚೀಲದ ಹಿಡಿಕೆ ಕೊರೆದ ಕೆಂಪು ಗೆರೆ ಯಾವಾಗಲೂ ಇರುತ್ತಿತ್ತು. ದೆಹಲಿಯ ಹೌಜ್ ಖಾಸ್ ಸುತ್ತಿನ ಗಲ್ಲಿಗಳಲ್ಲಿ ಕನ್ನಡದ ಹುಡುಗ ಹುಡುಗಿಯರಿಗೆ ಅನ್ನ, ಸಾರು, ಪಲ್ಯ ಹೊತ್ತು ಮಹಡಿ ಹತ್ತುವ ಡಬ್ಬಿ ಆಂಟಿ. ಓದುವಾಗ ನಾನೂ ಅವರ ಅನ್ನ ಉಂಡವಳು. ಡಬ್ಬಿಯಲ್ಲಿ ಊಟ ಉಳಿದರೆ, "ಯಾಕಮ್ಮ, ಮನೆ ನೆನಪಾಯ್ತಾ?" ಎಂದು ಕೇಳದೆ ಕೆಳಗಿಳಿಯುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಸೈಟು ಮಾರಿ ಇಲ್ಲೊಂದು ಬಾಡಿಗೆ ಕಟ್ಟಡ ಕೊಳ್ಳಲು ಹೊರಟಿದ್ದೆ. ಆರು ಪುಟ್ಟ ಮನೆ, ಹೊಸ ಬಣ್ಣ, ಅಗ್ಗದ ಬೆಲೆ. ಎಡವಿದರೆ ಮತ್ತೆ ಏಳಲು ನನ್ನ ಬಳಿ ಏನೂ ಉಳಿಯುತ್ತಿರಲಿಲ್ಲ. ಯಾವ ಕಟ್ಟಡವೆಂದು ಹೇಳಿದೊಡನೆ ಆಂಟಿ ಮುಖ ಸಿಂಡರಿಸಿದರು.

"ಅಲ್ಲಿಂದ ಡಬ್ಬಿ ತೊಳೆದು ಬರಲ್ಲಮ್ಮ."

"ಹುಡುಗರು ಸೋಮಾರಿಗಳು, ಆಂಟಿ."

"ನಾಲ್ಕು ಮನೆಗೆ ಕೊಡ್ತೀನಿ. ನಾಲ್ಕು ಮನೆಯವರೂ ಸೋಮಾರಿಗಳಾ? ಚಲೋ, ನಡಿ. ಮನೆ ತೋರಿಸೋ ಡೀಲರ್‌ಗೆ ಹೇಳೋದು ಬೇಡ."

ಮಧ್ಯಾಹ್ನ ಹೋದೆವು. ಮೇಲಿನ ಮನೆಯಲ್ಲಿ ರಾಯಚೂರಿನ ವಿದ್ಯಾರ್ಥಿನಿಯೊಬ್ಬಳಿದ್ದಳು. ಆಂಟಿ ನಲ್ಲಿ ತಿರುಗಿಸಿದರು. ಬುಸ್ ಎಂದು ಗಾಳಿಯಷ್ಟೇ ಬಂತು.

"ಮನಿ ನೋಡಾಕ ಯಾರರ ಬಂದ್ರ ಅಷ್ಟ ನೀರಿನ ಟ್ಯಾಂಕರ್ ತರಸ್ತಾರ್ರೀ," ಎಂದಳು ಹುಡುಗಿ.

ಡೀಲರ್ ನನ್ನನ್ನು ಎರಡು ಸಲ ಕರೆತಂದಿದ್ದ. ಎರಡು ಸಲವೂ ನೀರು ಧೋ ಎಂದು ಸುರಿದಿತ್ತು. ಇಷ್ಟು ಓದಿದವಳಿಗೆ ಅಷ್ಟೂ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಬಣ್ಣ ಕುಡಿಯೋಕಾಗುತ್ತಾ?" ಎಂದು ಆಂಟಿ ನನ್ನನ್ನು ಎರಡು ಗಲ್ಲಿ ಆಚೆಯ ಇನ್ನೊಂದು ಕಟ್ಟಡದೆದುರು ತಂದು ನಿಲ್ಲಿಸಿದರು. ಅದೂ ಮಾರಾಟಕ್ಕಿತ್ತು, ಗಾರೆ ಉದುರಿದ್ದರಿಂದ ಯಾರೂ ತಿರುಗಿ ನೋಡಿರಲಿಲ್ಲ. ಮೆಟ್ಟಿಲ ಮೇಲೆ ಅವರ ಡಬ್ಬಿಗಳು ತೊಳೆದು ಬೋರಲು ಬಿದ್ದಿದ್ದವು. ಕಾಗದಪತ್ರ ವಕೀಲರಿಗೆ ತೋರಿಸಿ ಅದನ್ನೇ ಕೊಂಡೆ. ಇವತ್ತಿಗೂ ಒಂದು ಮನೆಯೂ ಖಾಲಿ ಬಿದ್ದಿಲ್ಲ.

ಕಳೆದ ಚಳಿಗಾಲದ ಒಂದು ದಿನ, ಮಧ್ಯಾಹ್ನದ ಊಟ ಕೊಟ್ಟು ಹೋದ ಆಂಟಿ ಸಂಜೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಮರುದಿನ ನನ್ನ ಕಟ್ಟಡಕ್ಕೆ ಹೋದೆ. ಯಾರಿಗೆ ಹಿಂದಿರುಗಿಸುವುದೆಂದು ತಿಳಿಯದೆ ಹುಡುಗರು ಡಬ್ಬಿಗಳನ್ನು ತೊಳೆದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದರು. ಅವುಗಳ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ. ಆಮೇಲೆ ಅವನ್ನು ಮನೆಗೆ ತಂದಿಟ್ಟುಕೊಂಡೆ.

ಹದಿನೈದು ದಿನದ ಮೇಲೆ ಅವರ ಮಗಳು ಅದೇ ಚೀಲ ಹಿಡಿದು ಬಾಗಿಲಿಗೆ ಬಂದಳು. ದೆಹಲಿಯಲ್ಲೇ ಬೆಳೆದ ಹುಡುಗಿ, ಕನ್ನಡದಲ್ಲಿ ಹಿಂದಿ ಬೆರೆಯುತ್ತಿತ್ತು.

"ದೀದಿ, ವೋ ಡಬ್ಬಿ ಕೊಡಿ. ಸೋಮವಾರದಿಂದ ನಾನು ತರ್ತೀನಿ. ಸಾರು ಮಮ್ಮಿ ಥರ ಬರಲ್ಲ, ಪರ್ ಕಲೀತೀನಿ." ಚೀಲ ಬಿಚ್ಚುತ್ತಾ ಕೇಳಿದಳು, "ತೊಳೀಬೇಕಾ?"

"ಇಲ್ಲಮ್ಮ," ಎಂದೆ. "ತೊಳೆದೇ ಬಂದಿವೆ."